ಹಳೆಯ ಡ್ಯುಯಲ್ ಸ್ಪೋರ್ಟ್ ಬೈಕು: ಕಡಿಮೆ ದುಡ್ಡಿನಲ್ಲಿ ರಿಪೇರಿ, ಬೇಕಾದ ಕಡೆ ಮಾತ್ರ ಅಪ್‌ಗ್ರೇಡ್

ಡಾಂಬರು ರಸ್ತೆಗೂ ಮಣ್ಣಿನ ಹಾದಿಗೂ ಆಗುವ ಹಳೆಯ ಡ್ಯುಯಲ್ ಸ್ಪೋರ್ಟ್ ಬೈಕು ಮನೆಗೆ ಬಂದ ಕೂಡಲೇ ಬಹಳ ಜನ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಒಂದೋ ಹೊಸ ಹ್ಯಾಂಡಲ್ ಬಾರು, ಎಲ್‌ಇಡಿ ದೀಪ, ಸ್ಟಿಕ್ಕರು ಎಂದು ಹುಡುಕಲು ಕೂರುತ್ತಾರೆ. ಇಲ್ಲವೇ ಒಂದೇ ವಾರಾಂತ್ಯದಲ್ಲಿ ಇಡೀ ಗಾಡಿ ಬಿಚ್ಚಿ ನೆಲದ ತುಂಬ ಹರಡುತ್ತಾರೆ. ಮೊದಲನೆಯದರಲ್ಲಿ ದುಡ್ಡು ಹೋಗುತ್ತದೆ, ಎರಡನೆಯದರಲ್ಲಿ ಗಾಡಿಯೇ ಹೋಗುತ್ತದೆ. ಬಿಚ್ಚಿಟ್ಟ ಬೈಕು ಆರು ತಿಂಗಳಾದರೆ ಡಬ್ಬಗಳಲ್ಲೇ ಉಳಿದು, ಕೊನೆಗೆ ಬಿಡಿಭಾಗದ ಲೆಕ್ಕದಲ್ಲಿ ಮಾರಾಟವಾಗುತ್ತದೆ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಖರ್ಚಿನ ಕ್ರಮವೇ ಮುಖ್ಯ. ಮೊದಲು ಗಾಡಿ ನಿಲ್ಲಬೇಕು, ಆಮೇಲೆ ನೆಟ್ಟಗೆ ತಿರುಗಬೇಕು, ಆಮೇಲೆ ನಂಬಿಕೆಯಿಂದ ಓಡಬೇಕು. ಹೊಸ ಸಾಮಾನಿನ ಮಾತು ಅದಾದ ಮೇಲೆ. ಒಂದು ಸಲಕ್ಕೆ ಒಂದು ವಿಭಾಗ ಮಾತ್ರ ಬಿಚ್ಚಿ, ಮುಗಿಸಿ, ಜೋಡಿಸಿ, ಮುಂದಿನದಕ್ಕೆ ಹೋಗಿ. ಹಿಂದಿನ ಶಾಕನ್ನು ಚಕ್ರದ ತೋಳಿಗೆ ಜೋಡಿಸುವ, ವರ್ಷಗಟ್ಟಲೆ ಗ್ರೀಸ್ ಕಾಣದ ಲಿಂಕೇಜಿಗೆ ಗ್ರೀಸು, ಫೋರ್ಕಿಗೆ ಹೊಸ ಎಣ್ಣೆ, ಕಾರ್ಬುರೇಟರಿನ ಕಟ್ಟಿಕೊಂಡ ಜೆಟ್ಟಿಗೆ ಶುಚಿ, ಇಷ್ಟರಿಂದ ಬರುವ ಬದಲಾವಣೆಯನ್ನು ಪೆಟ್ಟಿಗೆಯಲ್ಲಿ ಬರುವ ಯಾವ ದುಬಾರಿ ಭಾಗವೂ ಕೊಡುವುದಿಲ್ಲ.

ಸ್ಪ್ಯಾನರ್ ಹಿಡಿಯುವ ಮುನ್ನ

ಚೆನ್ನಾಗಿ ತೊಳೆದು, ಒಣಗಿಸಿ, ಬೆಳಕಿನಲ್ಲಿ ಚಾಸಿ ನೋಡಿ. ಹ್ಯಾಂಡಲ್ ಕೂರುವ ಕತ್ತಿನ ಸುತ್ತಲಿನ ವೆಲ್ಡಿಂಗ್, ಹಿಂದಿನ ಚಕ್ರ ಹಿಡಿಯುವ ತೋಳಾದ ಸ್ವಿಂಗ್ ಆರ್ಮಿನ ಪಿವಟ್, ಫುಟ್‌ರೆಸ್ಟ್ ಬ್ರಾಕೆಟ್, ಸೀಟಿನ ಕೆಳಗಿನ ಸಬ್‌ಫ್ರೇಮ್, ಬಿರುಕು ಬಿಡುವ ಜಾಗಗಳು ಇವೇ. ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ, ಅದರೊಳಗಿಂದ ಕಂದು ತುಕ್ಕು ಇಣುಕುತ್ತಿದ್ದರೆ ಅದು ಬಣ್ಣದ ಬಿರುಕಲ್ಲ, ಲೋಹದ್ದು. ಸಬ್‌ಫ್ರೇಮಿನ ಬಿರುಕು ವೆಲ್ಡಿಂಗಿಗೆ ಮಣಿಯುತ್ತದೆ. ಕತ್ತಿನ ಬಳಿ ಬಿರುಕಿದ್ದರೆ ಆ ಗಾಡಿಗೆ ದುಡ್ಡು ಹಾಕಬೇಡಿ. ಚಾಸಿ ನಂಬರು, ಎಂಜಿನ್ ನಂಬರು ಕಾಗದಕ್ಕೆ ಹೊಂದುತ್ತವೆಯೇ ಎಂಬುದನ್ನೂ ಈಗಲೇ ನೋಡಿಬಿಡಿ.

ಎಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರ ಎತ್ತಿ. ಹ್ಯಾಂಡಲ್ ನಿಧಾನ ತಿರುಗಿಸಿದಾಗ ನಟ್ಟನಡುವೆ ಒಂದು ಗುಳಿಯಲ್ಲಿ ಕೂತಂತೆ ಅನಿಸಿದರೆ ಸ್ಟೀರಿಂಗ್ ಬೇರಿಂಗ್ ಸವೆದಿದೆ. ಫೋರ್ಕಿನ ಬುಡ ಹಿಡಿದು ಹಿಂದೆ ಮುಂದೆ ಎಳೆದಾಗ ಟಕ್ ಎಂದರೆ ಅದು ಸಡಿಲವಾಗಿದೆ. ಹಿಂದಿನ ಚಕ್ರವನ್ನು ಮೇಲಕ್ಕೆ ಎತ್ತಿ ಬಿಡಿ: ಶಾಕ್ ಒತ್ತುವ ಮೊದಲೇ ಅರ್ಧ ಸೆಂಟಿಮೀಟರ್ ಖಾಲಿ ಆಟ ಬಂದರೆ ಲಿಂಕೇಜ್ ಬೇರಿಂಗುಗಳು ಹೋಗಿವೆ. ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕುವ ತುಕ್ಕಿನ ಗುಳಿ ಸೀಲ್ ಓಡಾಡುವ ಜಾಗದಲ್ಲಿದ್ದರೆ ಹೊಸ ಸೀಲನ್ನೂ ಹರಿಯುತ್ತದೆ.

ಎಂಜಿನ್ ಸ್ಥಿತಿಗೆ ಕಂಪ್ರೆಷನ್ ಮೀಟರ್ ಬೇಕು. ಎಂಜಿನ್ ಬೆಚ್ಚಗಿರಲಿ, ಆಕ್ಸಿಲರೇಟರ್ ಪೂರ್ತಿ ತೆರೆದಿರಲಿ, ಮುಳ್ಳು ಏರುವುದು ನಿಲ್ಲುವವರೆಗೆ ಕಿಕ್ ಹೊಡೆಯಿರಿ ಅಥವಾ ಸೆಲ್ಫ್ ಒತ್ತಿ. ಅಂಕಿ ಕಡಿಮೆ ಬಂದರೆ ಪ್ಲಗ್ಗಿನ ತೂತಿನಿಂದ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ರಿಂಗು ಅಥವಾ ಬೋರ್ ಸವೆದಿದೆ, ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಆದರೆ ತೀರ್ಮಾನಕ್ಕೆ ಮುನ್ನ ಎರಡು ಮಾತು. ಟ್ಯಾಪೆಟ್, ಅಂದರೆ ವಾಲ್ವಿನ ಮೇಲೆ ಬಿಡುವ ಸಣ್ಣ ಸಂದು, ಬಿಗಿಯಾಗಿದ್ದರೂ ಅಂಕಿ ಕಡಿಮೆ ಬರುತ್ತದೆ, ಆದ್ದರಿಂದ ಮೊದಲು ಅದನ್ನು ಹೊಂದಿಸಿ. ಸ್ಟಾರ್ಟ್ ಮಾಡುವಾಗ ವಾಲ್ವನ್ನು ತುಸು ತೆರೆದು ಒತ್ತಡ ಇಳಿಸುವ, ತಾನಾಗಿಯೇ ಕೆಲಸ ಮಾಡುವ ಡಿಕಂಪ್ರೆಸರ್ ಇರುವ ಸಿಂಗಲ್ ಸಿಲಿಂಡರ್ ಎಂಜಿನ್‌ಗಳಲ್ಲಿ ಅಂಕಿ ಸಹಜವಾಗಿಯೇ ಕಡಿಮೆ ತೋರುತ್ತದೆ. ಅವಕ್ಕೆ ಗಾಳಿ ತುಂಬಿ ಸೋರಿಕೆ ಅಳೆಯುವ ಲೀಕ್‌ಡೌನ್ ಪರೀಕ್ಷೆಯೇ ನಂಬಿಕೆಯದು.

ಹೊಗೆಯೂ ಮಾತಾಡುತ್ತದೆ. ಆಕ್ಸಿಲರೇಟರ್ ಬಿಟ್ಟು ಇಳಿಜಾರಿನಲ್ಲಿ ಬಂದು ಮತ್ತೆ ಕೊಟ್ಟಾಗ ನೀಲಿ ಹೊಗೆ ಬಂದರೆ ವಾಲ್ವ್ ಸೀಲು; ಎಳೆಯುವಾಗಲೆಲ್ಲ ನೀಲಿ ಹೊಗೆ ಬಂದರೆ ರಿಂಗು. ವಾಲ್ವ್ ಸೀಲಿನ ಖರ್ಚು ಚಿಕ್ಕದು. ಹಳೆಯ ಆಯಿಲ್ ಇಳಿಸಿ, ಡ್ರೈನ್ ಬೋಲ್ಟನ್ನೂ ಜಾಲರಿಯನ್ನೂ ನೋಡಿ: ಬೂದು ಬಣ್ಣದ ನುಣುಪು ಕೆಸರು ಸಹಜ, ಹೊಳೆಯುವ ಚಕ್ಕೆ ಸಹಜವಲ್ಲ. ಕನೆಕ್ಟಿಂಗ್ ರಾಡ್ ಬಡಿಯುವ ಗಟ್ಟಿ ಸದ್ದು ಕೇಳಿದರೆ ಆ ಎಂಜಿನ್ ಬಿಚ್ಚಬೇಡಿ. ಕ್ರ್ಯಾಂಕ್ ಕೆಲಸಕ್ಕಿಂತ ಚೆನ್ನಾಗಿರುವ ಹಳೆಯ ಎಂಜಿನ್ ಹುಡುಕುವುದು ಬಹುಪಾಲು ಸಲ ಅಗ್ಗ.

ಕೆಲವು ಮಾದರಿಗಳಿಗೆ ಎಲ್ಲರಿಗೂ ಗೊತ್ತಿರುವ ಹುಟ್ಟುಗುಣದ ದೋಷಗಳಿವೆ. 1987ರಲ್ಲಿ ಬಂದ ಕವಾಸಾಕಿ ಕೆಎಲ್ಆರ್ 650ರ ಎಂಜಿನ್ ನಡುಕ ತಗ್ಗಿಸುವ ಬ್ಯಾಲನ್ಸರಿನ ಚೈನನ್ನು ಬಿಗಿಗೊಳಿಸುವ ಲಿವರ್ ಮುರಿಯುತ್ತದೆ. ಸುಜುಕಿ ಡಿಆರ್ 650ರಲ್ಲಿ ಕ್ಲಚ್ ಬುಟ್ಟಿಯ ಹಿಂದಿರುವ ನ್ಯೂಟ್ರಲ್ ಸ್ವಿಚ್ಚಿನ ಸ್ಕ್ರೂ ಸಡಿಲವಾಗಿ ಎಂಜಿನ್ ಒಳಗೆ ಬೀಳುತ್ತದೆ. ಹಳೆಯ ಹೊಂಡಾ ಎಕ್ಸ್ಆರ್, ಎಕ್ಸ್ಎಲ್‌ಗಳಲ್ಲಿ ಡಿಕಂಪ್ರೆಷನ್ ಕೇಬಲ್ ಬಿಗಿಯಾದರೆ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಆ ಕೇಬಲ್ಲಿಗೆ ಸ್ವಲ್ಪ ಸಡಿಲ ಇರಲೇಬೇಕು. ನಿಮ್ಮ ಮಾದರಿಯ ಇಂಥ ದೋಷವನ್ನು ಮೊದಲು ತಿಳಿದು, ಅದಕ್ಕೆ ದುಡ್ಡು ಎತ್ತಿಡಿ. ಒಟ್ಟು ಹಣದಲ್ಲಿ ಐದನೇ ಒಂದು ಭಾಗವನ್ನು ಅನಿರೀಕ್ಷಿತಕ್ಕೆಂದೇ ಮುಟ್ಟದೆ ಇಡಿ. ಅದು ಉಳಿಯುವುದಿಲ್ಲ.

ಜಾಮ್ ಆದ ಬೋಲ್ಟು, ಹಾಳಾಗುವ ಸ್ಕ್ರೂ

ಜಪಾನಿನ ಬೈಕುಗಳ ಸ್ಟಾರ್ ಸ್ಕ್ರೂಗಳು ಸಾಮಾನ್ಯ ಫಿಲಿಪ್ಸ್ ಅಲ್ಲ, ಜೆಐಎಸ್ ಎಂಬ ಜಪಾನಿ ಮಾನದಂಡದ ಮಾದರಿಯವು. ಹಲವುಗಳ ತಲೆಯ ಮೇಲೆ ಒಂದು ಚುಕ್ಕೆ ಇರುತ್ತದೆ. ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ತಳದವರೆಗೆ ಕೂರುವುದಿಲ್ಲ, ಜಾರಿ ತಲೆ ಕೆಡಿಸುತ್ತದೆ. ಒಂದು ಜೆಐಎಸ್ ಸ್ಕ್ರೂಡ್ರೈವರ್, ಸುತ್ತಿಗೆಯಿಂದ ಹೊಡೆದರೆ ತಿರುಗುವ ಒಂದು ಇಂಪ್ಯಾಕ್ಟ್ ಡ್ರೈವರ್, ಇವೆರಡೂ ಮೊದಲ ದಿನವೇ ತಮ್ಮ ಬೆಲೆ ತೀರಿಸುತ್ತವೆ.

ಅಲ್ಯೂಮಿನಿಯಂ ಕೇಸಿನೊಳಗಿನ ಉಕ್ಕಿನ ಬೋಲ್ಟು ತೇವದಿಂದ ಬೆಸೆದುಕೊಂಡಿರುತ್ತದೆ. ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಮಾರನೇ ದಿನ ಬೋಲ್ಟಿನ ತಲೆಗೆ ನಾಲ್ಕಾರು ಪೆಟ್ಟು ಕೊಡಿ, ಸುತ್ತಲಿನ ಅಲ್ಯೂಮಿನಿಯಂಗೆ ಹೀಟ್ ಗನ್ನಿನಿಂದ ಬಿಸಿ ತೋರಿಸಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಹಿಡಿತ ಬಿಡುತ್ತದೆ. ಪೆಟ್ರೋಲ್ ಟ್ಯಾಂಕು ಆಗ ಗಾಡಿಯ ಮೇಲಿರಬಾರದು. ಬೋಲ್ಟು ಒಂದಿಷ್ಟು ತಿರುಗಿ ಮತ್ತೆ ಬಿಗಿಯಾದರೆ ಬಲ ಹಾಕದೆ ಹಿಂದಕ್ಕೂ ಮುಂದಕ್ಕೂ ಕಾಲು ಕಾಲು ಸುತ್ತು ಆಡಿಸಿ. ಸೈಲೆನ್ಸರ್ ಹೆಡ್ಡಿಗೆ ಸೇರುವ ಸ್ಟಡ್‌ಗಳು ಎಲ್ಲಕ್ಕಿಂತ ಬೇಗ ಮುರಿಯುತ್ತವೆ. ಅಲ್ಲಿ ಸೋರಿಕೆ ಇಲ್ಲದಿದ್ದರೆ ಮುಟ್ಟದಿರುವುದೇ ಒಳ್ಳೆಯದು.

ತಿರುಗಿ ಹಾಕುವಾಗ ಥ್ರೆಡ್ಡಿಗೆ ಮತ್ತೆ ಜಾಮ್ ಆಗದಂತೆ ತಡೆಯುವ ಆ್ಯಂಟಿ-ಸೀಜ್ ಲೇಪ ಚೂರು ಸವರಿ, ಬಿಗಿತ ಸ್ವಲ್ಪ ಕಡಿಮೆ ಮಾಡಿ. ಕೈಪಿಡಿಯ ಅಂಕಿ ಸಿಗದಿದ್ದರೆ ಅಲ್ಯೂಮಿನಿಯಂ ಒಳಗಿನ ಎಂ6 (6 ಮಿ.ಮೀ. ಥ್ರೆಡ್ಡಿನ) ಬೋಲ್ಟಿಗೆ 8ರಿಂದ 10, ಎಂ8ಕ್ಕೆ 20ರ ಆಸುಪಾಸು ನ್ಯೂಟನ್ ಮೀಟರ್ ಸಾಕು. ಥ್ರೆಡ್ ಕಿತ್ತುಹೋಗುವುದು ಹೆಚ್ಚಾಗಿ ಎಂ6ನಲ್ಲೇ, ಉದ್ದ ಸ್ಪ್ಯಾನರ್ ಹಿಡಿದು ತೋಳಿನ ಬಲ ಹಾಕಿದಾಗ.

ಯಾವುದು ಹೊಸದು, ಯಾವುದು ಹಳೆಯದು

ಬೇರಿಂಗಿನ ಪಕ್ಕದಲ್ಲಿ ಕೊರೆದ ನಂಬರು ಇರುತ್ತದೆ. 6302 ಎಂದರೆ ಒಳ ಅಡ್ಡಳತೆ 15, ಹೊರ ಅಡ್ಡಳತೆ 42, ಅಗಲ 13 ಮಿ.ಮೀ., ಯಾವ ಕಂಪನಿ ಮಾಡಿದ್ದರೂ ಅಷ್ಟೇ. 6202 ಎಂದರೆ 15, 35, 11. ಈ ನಂಬರಿನ ಬೇರಿಂಗನ್ನು ಬೈಕ್ ಕಂಪನಿಯ ಪೊಟ್ಟಣದಲ್ಲಿ ಕೊಳ್ಳುವ ಬದಲು ಬೇರಿಂಗ್ ಮಾರುವವರಲ್ಲಿ ಒಳ್ಳೆಯ ಕಂಪನಿಯದು ಕೇಳಿದರೆ ಬೆಲೆ ಬಹಳ ಇಳಿಯುತ್ತದೆ. ನಂಬರಿನ ಕೊನೆಯಲ್ಲಿ 2ಆರ್‌ಎಸ್ ಇರಲಿ. ಎರಡೂ ಬದಿ ರಬ್ಬರ್ ಸೀಲ್ ಇರುವುದು ಎಂದರ್ಥ. ಕೆಸರಿಗೆ ಇಳಿಯುವ ಗಾಡಿಗೆ ಅದೇ ಬೇಕು. ಆಯಿಲ್ ಸೀಲಿನ ಮೇಲೂ ಮೂರು ಅಳತೆ ಅಚ್ಚಾಗಿರುತ್ತವೆ. ಹಳೆಯದನ್ನು ಎಸೆಯುವ ಮೊದಲು ಅದನ್ನೆಲ್ಲ ಬರೆದಿಟ್ಟುಕೊಳ್ಳಿ.

ಲಿವರ್, ಫುಟ್‌ರೆಸ್ಟ್, ಕವರ್, ರಿಮ್, ಕಾರ್ಬುರೇಟರ್ ಬಾಡಿ, ಇವು ಗುಜರಿಯಿಂದ ತಂದರೂ ತೊಂದರೆಯಿಲ್ಲ. ಕಂಪನಿಯ ಪಾರ್ಟ್ ನಂಬರು ಹೋಲಿಸಿ ನೋಡಿದರೆ ಒಂದೇ ಭಾಗ ಹಲವು ಮಾದರಿಗಳಿಗೆ ಬಳಕೆಯಾಗಿರುವುದು ಗೊತ್ತಾಗುತ್ತದೆ. ಹೆಸರಾಂತ ಮಾದರಿಯ ಭಾಗಕ್ಕಿಂತ ಯಾರಿಗೂ ಬೇಡದ ಮಾದರಿಯ ಅದೇ ಭಾಗ ಸುಲಭಕ್ಕೆ ಸಿಗುತ್ತದೆ. ಬ್ರೇಕ್ ಪ್ಯಾಡು, ಬ್ರೇಕ್ ಹೋಸು, ಟೈರು, ಟ್ಯೂಬು, ಚೈನು, ಬೇರಿಂಗು, ಕೇಬಲ್ ಮಾತ್ರ ಹಳೆಯದು ಬೇಡವೇ ಬೇಡ.

ನಿಲ್ಲುವುದು

ಡಿಸ್ಕ್ ಬ್ರೇಕಿನ ಲಿವರ್ ಒತ್ತಿ ಬಿಟ್ಟ ಮೇಲೂ ಚಕ್ರ ಬಿಗಿಯಾಗಿ ತಿರುಗುತ್ತಿದ್ದರೆ ಪ್ಯಾಡ್ ಬದಲಿಸಿದರೆ ಗುಣವಾಗದು. ಕ್ಯಾಲಿಪರ್ ಒಳಗಿನ ಪಿಸ್ಟನ್ ಹಿಂದಕ್ಕೆ ಹೋಗುತ್ತಿಲ್ಲ. ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವುದು ಅದರ ಸುತ್ತ ಇರುವ ಚೌಕ ಅಂಚಿನ ಸೀಲು: ಒತ್ತಿದಾಗ ಸ್ವಲ್ಪ ವಾಲಿ, ಬಿಟ್ಟಾಗ ಮೊದಲಿನಂತಾಗುತ್ತದೆ. ಸೀಲ್ ಕೂರುವ ತೋಡಿನಲ್ಲಿ ಬಿಳಿ ಪುಡಿ ಕಟ್ಟಿದರೆ ಅದಕ್ಕೆ ವಾಲಲು ಜಾಗವಿಲ್ಲ.

ಹೋಸ್ ಕಳಚುವ ಮೊದಲು, ಬ್ರೇಕ್ ಲಿವರನ್ನೇ ಒತ್ತಿ ಒತ್ತಿ ಪಿಸ್ಟನ್ ಹೊರಗೆ ತನ್ನಿ. ಗಾಳಿಯ ಒತ್ತಡದಿಂದ ಹಾರಿಸುವುದಾದರೆ ಎದುರಿಗೆ ಮರದ ತುಂಡಿರಲಿ, ಬೆರಳು ಬೇಡ. ಸೀಲುಗಳನ್ನು ಪ್ಲಾಸ್ಟಿಕ್ ಅಥವಾ ಮರದ ಕಡ್ಡಿಯಿಂದ ಎತ್ತಿ, ತೋಡನ್ನು ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ, ಹೊಸ ಸೀಲಿಗೆ ಬ್ರೇಕ್ ಆಯಿಲ್ ಸವರಿ ಕೂರಿಸಿ. ಪೆಟ್ರೋಲು, ಡೀಸೆಲ್, ಸಾಮಾನ್ಯ ಗ್ರೀಸು ತಾಗಿದರೆ ಆ ರಬ್ಬರು ಊದಿಕೊಳ್ಳುತ್ತದೆ. ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್ ಹಾಕಿ. ಪಿನ್ ಜಾರದಿದ್ದರೆ ಒಂದು ಪ್ಯಾಡ್ ಮಾತ್ರ ಸವೆಯುತ್ತದೆ. ಹಳೆಯ ಪ್ಯಾಡುಗಳಲ್ಲೇ ಅದು ಕಾಣುತ್ತದೆ.

ಬ್ರೇಕ್ ಆಯಿಲ್ ಡಾಟ್ 4 ದರ್ಜೆಯದಿರಲಿ, ಡಬ್ಬ ಹೊಸದಾಗಿ ಒಡೆದದ್ದಿರಲಿ. ಸಿಲಿಕೋನಿನ ಡಾಟ್ 5 ಬೇರೆಯದೇ ವಸ್ತು, ಎರಡನ್ನೂ ಬೆರೆಸಬಾರದು. ಮೇಲಿನಿಂದ ಪಂಪ್ ಮಾಡಿ ಗಾಳಿ ತೆಗೆಯಲು ಆಗದಿದ್ದರೆ ದೊಡ್ಡ ಸಿರಿಂಜಿನಿಂದ ಕ್ಯಾಲಿಪರ್ ಕಡೆಯಿಂದ ಮೇಲಕ್ಕೆ ಆಯಿಲ್ ತಳ್ಳಿ. ಗುಳ್ಳೆ ಮೇಲಕ್ಕೆ ಹೋಗುವುದು ಅದರ ಸ್ವಭಾವ, ಹತ್ತು ನಿಮಿಷದ ಕೆಲಸ. ಸಿಸ್ಟಮ್ಮಿನಲ್ಲಿ ಹಳೆಯ ಕೊಳೆ ಇದ್ದರೆ ಮಾತ್ರ ಮೊದಲು ಅದನ್ನು ಕೆಳಗಿನಿಂದ ಹೊರಗೆ ಬಿಟ್ಟುಬಿಡಿ, ಇಲ್ಲವಾದರೆ ಕೊಳೆಯೆಲ್ಲ ಮಾಸ್ಟರ್ ಸಿಲಿಂಡರಿನ ಸಣ್ಣ ತೂತಿಗೆ ಹೋಗಿ ಕೂರುತ್ತದೆ. ಡಿಸ್ಕಿನ ಕನಿಷ್ಠ ದಪ್ಪ ಡಿಸ್ಕಿನ ಮೇಲೆಯೇ ಕೊರೆದಿರುತ್ತದೆ; ಅದಕ್ಕಿಂತ ತೆಳುವಾಗಿದ್ದರೆ ಬದಲಿಸಿ. ರಬ್ಬರ್ ಹೋಸಿನ ಜಾಗಕ್ಕೆ ಉಕ್ಕಿನ ಹೆಣಿಗೆಯ ಹೋಸ್ ಹಾಕುವುದು ಅಪ್‌ಗ್ರೇಡೂ ಹೌದು ರಿಪೇರಿಯೂ ಹೌದು. ಹಳೆಯ ಹೋಸನ್ನು ಹೇಗೂ ಬದಲಿಸಲೇಬೇಕು.

ಹಿಂದೆ ಡ್ರಮ್ ಇದ್ದರೆ ಕ್ಯಾಮಿನ ಶಾಫ್ಟ್ ಹೊರತೆಗೆದು ಶುಚಿ ಮಾಡಿ, ಗ್ರೀಸ್ ಎಳೆಯಷ್ಟು ಮಾತ್ರ ಹಚ್ಚಿ. ಗಾಜಿನಂತೆ ಮಿರುಗುವ ಶೂಗಳನ್ನು 80ರ ಉಪ್ಪುಕಾಗದದಲ್ಲಿ ಉಜ್ಜಿ. ಹಳೆಯ ಶೂಗಳ ದೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಗಾಳಿ ಊದದೆ ಒದ್ದೆ ಬಟ್ಟೆಯಿಂದ ಒರೆಸಿ.

ತಿರುಗುವುದು

ಚಕ್ರದ ಬೇರಿಂಗನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಚಕ್ರದ ನಡುವಿನ ಹಬ್ಬನ್ನು ನೀರಿನ ಹನಿ ಚುರ್ ಎನ್ನುವಷ್ಟು ಬಿಸಿ ಮಾಡಿದರೆ ಬೇರಿಂಗ್ ತಾನಾಗಿ ಇಳಿದಂತೆ ಕೂರುತ್ತದೆ. ಹೊಡೆಯಲೇಬೇಕಾದರೆ ಹಳೆಯ ಬೇರಿಂಗಿನ ಹೊರಬಳೆಯನ್ನು ಮೇಲಿಟ್ಟು ಹೊಡೆಯಿರಿ. ಒಳಬಳೆಗೆ ಬಿದ್ದ ಒಂದು ಪೆಟ್ಟು ಗುಂಡುಗಳ ದಾರಿಯಲ್ಲಿ ಗುಳಿ ಮಾಡುತ್ತದೆ, ಹೊಸ ಬೇರಿಂಗ್ ಕೆಲವೇ ತಿಂಗಳಲ್ಲಿ ಗೊರಗುಟ್ಟುತ್ತದೆ. ಎರಡು ಬೇರಿಂಗುಗಳ ನಡುವಿನ ಕೊಳವೆಯನ್ನು ಮರೆತು ಜೋಡಿಸಿದವರೂ ಇದ್ದಾರೆ. ಅದಿಲ್ಲದೆ ಆ್ಯಕ್ಸಲ್ ಬಿಗಿಸಿದರೆ ಬೇರಿಂಗ್ ಹಿಂಡಿಹೋಗುತ್ತದೆ.

ಚಕ್ರದ ಕಡ್ಡಿಗಳನ್ನು ಸ್ಪ್ಯಾನರಿನಿಂದ ತಟ್ಟುತ್ತಾ ಹೋಗಿ. ಬಿಗಿಯಾದದ್ದು ಕಣ್ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ನುಡಿಯುತ್ತದೆ. ಒಂದೇ ಕಡ್ಡಿಯನ್ನು ಪೂರ್ತಿ ಬಿಗಿಸದೆ ಸಲಕ್ಕೆ ಕಾಲು ಸುತ್ತಿನಂತೆ ಸುತ್ತಿ ಬನ್ನಿ. ಅಡ್ಡಕ್ಕೂ ಎತ್ತರಕ್ಕೂ 2 ಮಿ.ಮೀ. ಒಳಗಿನ ಓಲಾಟ ಈ ಬಗೆಯ ಗಾಡಿಗೆ ಅಡ್ಡಿಯಿಲ್ಲ.

ಲಿಂಕೇಜಿನ ಸೂಜಿ ಬೇರಿಂಗುಗಳು ಗುಂಡಿ ನೀರಿಗೆ ಅತಿ ಹತ್ತಿರ ಇರುವ ಭಾಗ, ಆದರೂ ಹೆಚ್ಚಿನವರು ಎಂದೂ ಬಿಚ್ಚದ ಭಾಗ. ಹಳೆಯ ಗ್ರೀಸು ತೊಳೆದು, ಸೂಜಿಗಳು ಉದುರದಂತೆ ಹೊಸ ಗ್ರೀಸು ತುಂಬಿ. ನೀರಿಗೆ ತಡೆಯುವ ಗ್ರೀಸು ಇರಲಿ. ಒಳಗೆ ತೂರುವ ಕಾಲರ್ ಮೇಲೆ ಗೆರೆ ಬಿದ್ದಿದ್ದರೆ ಬೇರಿಂಗಿನ ಜೊತೆ ಅದನ್ನೂ ಬದಲಿಸಬೇಕು. ಸ್ವಿಂಗ್ ಆರ್ಮ್ ಬೋಲ್ಟು ಚಾಸಿಯೊಳಗೇ ತುಕ್ಕು ಹಿಡಿದು ಕೂತಿದ್ದರೆ ದಿನವೂ ಎಣ್ಣೆ ಹಾಕುತ್ತಾ ವಾರ ಕಾಯಿರಿ. ಆತುರದಲ್ಲಿ ಹೊಡೆದರೆ ತುದಿ ಅಣಬೆಯಂತೆ ಅರಳಿ ಮತ್ತೆಂದೂ ಹೊರಬಾರದು.

ಈಗ ಫೋರ್ಕು. ಹೆಚ್ಚು ಹೇಳಬೇಕಾದದ್ದು ಇಲ್ಲೇ ಇದೆ, ಏಕೆಂದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವ ಜಾಗ ಇದು. ಹಳೆಯ ಎಣ್ಣೆ ಬೂದು ನೀರಾಗಿ ಇಳಿಯುತ್ತದೆ. ಸೀಲ್ ಬದಲಿಸಿ, ಹೊರಗಿನ ಅಳತೆಗೆ ಹೊಂದುವ ಪಿವಿಸಿ ಪೈಪಿನ ತುಂಡಿನಿಂದ ಸೀಲನ್ನು ನೆಟ್ಟಗೆ ತಟ್ಟಿ ಕೂರಿಸಿ. ಕೊಳವೆಯ ತುದಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಎಣ್ಣೆ ಸವರಿ ಸೀಲ್ ತೂರಿಸಿದರೆ ಅದರ ತುಟಿ ಹರಿಯದು. ಸಣ್ಣ ತುಕ್ಕಿನ ಗುಳಿಗಳಿದ್ದರೆ ನೀರು ಹಾಕಿ ಉಜ್ಜುವ 1500ರ ನೀರುಕಾಗದದಲ್ಲಿ ಎದ್ದ ಅಂಚನ್ನಷ್ಟೇ ತೆಗೆದು, ಗುಳಿಗೆ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಮತ್ತೆ ನುಣುಪು ಮಾಡಿ.

ಎಣ್ಣೆಯನ್ನು ಮಿಲಿಲೀಟರ್ ಲೆಕ್ಕದಲ್ಲಲ್ಲ, ಎತ್ತರದ ಲೆಕ್ಕದಲ್ಲಿ ಹೊಂದಿಸಿ. ಸ್ಪ್ರಿಂಗ್ ಹೊರಗೆ, ಫೋರ್ಕ್ ಪೂರ್ತಿ ಒತ್ತಿ, ಹತ್ತು ಸಲ ಮೇಲೆ ಕೆಳಗೆ ಆಡಿಸಿ ಗಾಳಿ ಬಿಟ್ಟ ಮೇಲೆ ಕೊಳವೆಯ ಅಂಚಿನಿಂದ ಎಣ್ಣೆಯ ಮಟ್ಟದವರೆಗೆ ಅಳೆಯಿರಿ. ಸಿರಿಂಜಿಗೆ ಕಟ್ಟಿದ ನಳಿಗೆಯನ್ನು ಕೈಪಿಡಿ ಹೇಳಿದ ಆಳಕ್ಕೆ ಇಳಿಸಿ ಹೆಚ್ಚಾದದ್ದನ್ನು ಹೀರಿದರೆ ಎರಡೂ ಕಾಲು ಒಂದೇ ಮಟ್ಟಕ್ಕೆ ಬರುತ್ತವೆ. ಗುಂಡಿಯಲ್ಲಿ ಫೋರ್ಕ್ ತಳಕ್ಕೆ ಬಡಿಯುತ್ತಿದ್ದರೆ ಎಣ್ಣೆಯನ್ನು 5ರಿಂದ 10 ಮಿ.ಮೀ. ಏರಿಸಿ. ಮೇಲಿನ ಗಾಳಿಯ ಜಾಗ ಕಿರಿದಾಗಿ, ಕೊನೆಯ ಭಾಗದಲ್ಲಿ ಮಾತ್ರ ಫೋರ್ಕ್ ಗಟ್ಟಿಯಾಗುತ್ತದೆ. ಅದಕ್ಕೆಂದು ದಪ್ಪ ಎಣ್ಣೆ ಹಾಕುವವರು ಬಹಳ. 10ಡಬ್ಲ್ಯು ಬದಲು 20ಡಬ್ಲ್ಯು ಹಾಕಿದರೆ ನಿಧಾನಕ್ಕೆ ಮುಳುಗುವುದು ಕಡಿಮೆಯಾಗುತ್ತದೆ ನಿಜ, ಆದರೆ ಸಣ್ಣ ಕಲ್ಲಿನ ಮೇಲೆ ಚಕ್ರ ಚುರುಕಾಗಿ ಏಳಬೇಕಾದಾಗ ಎಣ್ಣೆ ಫೋರ್ಕಿನೊಳಗಿನ ಕಿರಿದಾದ ತೂತುಗಳಲ್ಲಿ ನುಗ್ಗಲಾರದೆ ಪೆಟ್ಟೆಲ್ಲ ಮಣಿಕಟ್ಟಿಗೆ ಬರುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಪ್ರಿಲೋಡಿನದು, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಡುವುದರದು. ಸ್ಪ್ರಿಂಗಿನ ಮೇಲೆ ಪಿವಿಸಿ ತುಂಡು ಇಟ್ಟು ಒತ್ತಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಗಾಡಿ ಎತ್ತರಕ್ಕೆ ಕೂರುತ್ತದೆ ಅಷ್ಟೇ. ಹಳೆಯ ಸ್ಪ್ರಿಂಗ್ ಕುಸಿದು ಗಾಡಿ ಮುಂದಕ್ಕೆ ಬಾಗಿದ್ದರೆ 10ರಿಂದ 20 ಮಿ.ಮೀ. ತುಂಡು, ಮೇಲೆ ಕೆಳಗೆ ಉಕ್ಕಿನ ವಾಷರ್ ಹಾಕಿ, ಸರಿಯಾಗುತ್ತದೆ. ಸವಾರರ ತೂಕಕ್ಕೆ ಸ್ಪ್ರಿಂಗೇ ಮೆತ್ತಗಿದ್ದರೆ ಗಟ್ಟಿ ಸ್ಪ್ರಿಂಗ್ ಕೊಳ್ಳಬೇಕು. ಇಡೀ ಯೋಜನೆಯಲ್ಲಿ ಹೊಸದಾಗಿ ಕೊಳ್ಳಲು ಎಲ್ಲಕ್ಕಿಂತ ಯೋಗ್ಯವಾದ ಅಪ್‌ಗ್ರೇಡ್ ಇದೇ.

ಗಾಡಿಯ ಕೂರುವಿಕೆಯನ್ನು ಹೀಗೆ ಅಳೆಯಿರಿ. ಹಿಂದಿನ ಚಕ್ರ ಗಾಳಿಯಲ್ಲಿರುವಾಗ ಆ್ಯಕ್ಸಲಿನಿಂದ ನೇರ ಮೇಲೆ ಮಡ್‌ಗಾರ್ಡಿನ ಒಂದು ಗುರುತಿನವರೆಗೆ ಅಳತೆ ತೆಗೆದುಕೊಳ್ಳಿ. ಸವಾರಿಯ ಬಟ್ಟೆ, ಹೆಲ್ಮೆಟ್ಟಿನೊಂದಿಗೆ ಕೂತಾಗ ಇನ್ನೊಬ್ಬರಿಂದ ಮತ್ತೆ ಅಳೆಸಿ. ವ್ಯತ್ಯಾಸ ಸಸ್ಪೆನ್ಷನ್ ಮೇಲೆ ಕೆಳಗೆ ಆಡುವ ಒಟ್ಟು ಓಟದ ಮೂರನೇ ಒಂದು ಭಾಗದ ಆಸುಪಾಸು ಇರಬೇಕು, 220 ಮಿ.ಮೀ. ಓಟದ ಗಾಡಿಗೆ 65ರಿಂದ 75. ಹಿಂದೆ ಹೆಚ್ಚು ಕುಸಿದರೆ ಮುಂದಿನ ಚಕ್ರ ಹಗುರಾಗಿ ಮಣ್ಣಿನ ತಿರುವಿನಲ್ಲಿ ಹೊರಕ್ಕೆ ಜಾರುತ್ತದೆ.

ಕೊನೆಯಲ್ಲಿ ಮುಂದಿನ ಆ್ಯಕ್ಸಲ್ ಬಿಗಿಸಿ, ಅದನ್ನು ಹಿಡಿಯುವ ಪಿಂಚ್ ಬೋಲ್ಟು ಸಡಿಲ ಬಿಟ್ಟು, ಬ್ರೇಕ್ ಹಿಡಿದು ಫೋರ್ಕನ್ನು ಐದಾರು ಸಲ ಒತ್ತಿ, ಆಮೇಲೆ ಪಿಂಚ್ ಬೋಲ್ಟು ಬಿಗಿಸಿ. ಎರಡು ಕಾಲೂ ಸಮನಾಗಿ ನಿಂತು ಫೋರ್ಕ್ ಸರಾಗ ಜಾರುತ್ತದೆ.

ಓಡುವುದು

ಟ್ಯಾಂಕಿನಲ್ಲಿ ತುಕ್ಕಿದ್ದರೆ ಕಾರ್ಬುರೇಟರ್ ಎಷ್ಟು ಸಲ ತೊಳೆದರೂ ವ್ಯರ್ಥ, ಹಾಗಾಗಿ ಟ್ಯಾಂಕು ಮೊದಲು. ಪೆಟ್ರೋಲ್ ಕಾಕ್, ಮುಚ್ಚಳ, ಒಳಗಿನ ತೇಲು ಎಲ್ಲ ತೆಗೆದು ತೂತುಗಳಿಗೆ ರಬ್ಬರ್ ಇಟ್ಟು ಮುಚ್ಚಿ. ಒಂದು ಹಿಡಿ ನಟ್ಟುಗಳನ್ನು ಎಣಿಸಿ ಹಾಕಿ ಕುಲುಕಿ, ಎಣಿಸಿಯೇ ಹೊರತೆಗೆಯಿರಿ. ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಕತ್ತಿನವರೆಗೆ ತುಂಬಿ, 12ರಿಂದ 24 ಗಂಟೆ ಬಿಡಿ. ನಡುನಡುವೆ ಇಣುಕಿ ನೋಡಿ. ಬೂದು ಲೋಹ ಕಂಡಾಗ ಸಾಕು. ಚೆಲ್ಲಿ, ಅಡುಗೆ ಸೋಡಾ ನೀರಿನಿಂದ ತೊಳೆದು, ಶುದ್ಧ ನೀರು, ಕೂಡಲೇ ಬಿಸಿಗಾಳಿ. ಬರಿಯ ಲೋಹ ಒದ್ದೆಯಿದ್ದರೆ ನಿಮಿಷಗಳಲ್ಲಿ ಮತ್ತೆ ಕೆಂಪಾಗುತ್ತದೆ, ಆದ್ದರಿಂದ ಒಣಗಿದ ತಕ್ಷಣ ಟೂ-ಸ್ಟ್ರೋಕ್ ಆಯಿಲ್ ಬೆರೆಸಿದ ಸ್ವಲ್ಪ ಪೆಟ್ರೋಲಿನಿಂದ ಒಳಗೆಲ್ಲ ಒದ್ದೆ ಮಾಡಿ. ತುಕ್ಕೇ ಮುಚ್ಚಿದ್ದ ಸೂಜಿತೂತುಗಳು ಈಗ ಸೋರಬಹುದು. ಬೆಸುಗೆ ಹಾಕಿಸಲು ಪೆಟ್ರೋಲ್ ವಾಸನೆ ಇರುವ ಟ್ಯಾಂಕನ್ನು ಬೆಂಕಿಯ ಹತ್ತಿರ ಒಯ್ಯಬೇಡಿ. ಒಳಗೆ ಬಳಿಯುವ ಲೇಪನ ನನ್ನ ಎಣಿಕೆಯಲ್ಲಿ ಕೊನೆಯ ದಾರಿ, ಎದ್ದ ಲೇಪನದ ಸಿಪ್ಪೆ ತುಕ್ಕಿಗಿಂತ ಕೆಟ್ಟದಾಗಿ ಕಾಕನ್ನು ಕಟ್ಟುತ್ತದೆ.

ಕಾರ್ಬುರೇಟರ್ ಬಿಚ್ಚುವಾಗ, ಐಡ್ಲಿಂಗಿನ ಮಿಶ್ರಣ ಹೊಂದಿಸುವ ಪೈಲಟ್ ಸ್ಕ್ರೂವನ್ನು ಮೊದಲು ಮೆಲ್ಲಗೆ ಒಳಗೆ ತಿರುಗಿಸಿ ಎಷ್ಟು ಸುತ್ತು ಎಂದು ಎಣಿಸಿ ಬರೆದಿಡಿ. ತಳಕ್ಕೆ ತಾಗಿದ ಮೇಲೆ ಬಲ ಹಾಕಿದರೆ ಅದರ ಮೊನೆ ಮುರಿಯುತ್ತದೆ. ಗಾಡಿ ಚೋಕ್ ಎಳೆದರೆ ಮಾತ್ರ ಓಡುತ್ತದೆ, ಐಡ್ಲಿಂಗ್ ನಿಲ್ಲುವುದಿಲ್ಲ ಎಂಬ ದೂರಿಗೆ ಹೆಚ್ಚಾಗಿ ಕಾರಣ ಪೈಲಟ್ ಜೆಟ್. ಅದನ್ನು ಬೆಳಕಿಗೆ ಹಿಡಿದರೆ ದುಂಡನೆಯ ಬೆಳಕಿನ ಚುಕ್ಕೆ ಕಾಣಬೇಕು. ವೈರಿನಿಂದ ತೆಗೆದ ಒಂದೇ ಎಳೆ ತಾಮ್ರದಿಂದ ಚುಚ್ಚಿ. ಉಕ್ಕಿನ ಸೂಜಿ ತೂತನ್ನು ದೊಡ್ಡದು ಮಾಡುತ್ತದೆ. ಬಾಡಿಯೊಳಗಿನ ಪ್ರತಿ ದಾರಿಯಲ್ಲೂ ಕ್ಲೀನರ್ ಸ್ಪ್ರೇ ಇನ್ನೊಂದು ತುದಿಯಿಂದ ಚಿಮ್ಮುವುದನ್ನು ಕಣ್ಣಾರೆ ನೋಡಿ. ಸ್ಪ್ರೇಗೆ ಮುನ್ನ ರಬ್ಬರ್ ಡಯಾಫ್ರಮ್, ಓ-ರಿಂಗು ಎಲ್ಲ ಹೊರಗಿರಲಿ. ಡಯಾಫ್ರಮ್ಮನ್ನು ಬೆಳಕಿಗೆ ಹಿಗ್ಗಿಸಿ ಹಿಡಿಯಿರಿ: ಒಂದು ಸೂಜಿತೂತು ಇದ್ದರೂ ಸ್ಲೈಡ್ ಏಳದೆ ಗಾಡಿ ಅರ್ಧ ವೇಗದಲ್ಲೇ ಉಸಿರುಗಟ್ಟುತ್ತದೆ.

ಅಗ್ಗದ ರಿಪೇರಿ ಕಿಟ್‌ಗಳಲ್ಲಿ ಬರುವ ಜೆಟ್‌ಗಳ ಅಳತೆ ನಂಬುವಂಥದ್ದಲ್ಲ. ಗ್ಯಾಸ್ಕೆಟ್, ಓ-ರಿಂಗು ಬಳಸಿ. ಹಳೆಯ ಹಿತ್ತಾಳೆ ಜೆಟ್‌ಗಳನ್ನು ಶುಚಿ ಮಾಡಿ ಅವನ್ನೇ ಹಾಕಿ. ಮಿಕುನಿಯ 130ನೇ ನಂಬರಿನ ಜೆಟ್ಟೂ ಕೀಹಿನ್‌ನ 130ನೇ ನಂಬರಿನ ಜೆಟ್ಟೂ ಒಂದೇ ಅಲ್ಲ ಎಂಬುದು ನೆನಪಿರಲಿ. ತೇಲಿನ ಎತ್ತರ ಅಳೆಯುವಾಗ ಕಾರ್ಬುರೇಟರನ್ನು ಓರೆ ಹಿಡಿದು, ತೇಲಿನ ನಾಲಿಗೆ ಸೂಜಿಯ ಸ್ಪ್ರಿಂಗ್ ಮೊಳೆಗೆ ತಾಗಿಯೂ ತಾಗದಂತಿರುವಾಗ ಅಳತೆ ತೆಗೆಯಿರಿ.

ಪೈಲಟ್ ಸ್ಕ್ರೂ ಎಂಜಿನ್ ಕಡೆ ಇದ್ದರೆ ಹೊರಗೆ ತಿರುಗಿಸಿದಷ್ಟೂ ಪೆಟ್ರೋಲ್ ಹೆಚ್ಚು, ಏರ್ ಫಿಲ್ಟರ್ ಕಡೆ ಇದ್ದರೆ ಹೊರಗೆ ತಿರುಗಿಸಿದಷ್ಟೂ ಗಾಳಿ ಹೆಚ್ಚು. ಎಷ್ಟು ಹೊಂದಿಸಿದರೂ ಐಡ್ಲಿಂಗ್ ಏರಿಳಿಯುತ್ತಿದ್ದರೆ ಕಾರ್ಬುರೇಟರಿಗೂ ಹೆಡ್ಡಿಗೂ ನಡುವಿನ ರಬ್ಬರಿನ ಮೇಲೆ ನೀರು ಸಿಂಪಡಿಸಿ ನೋಡಿ. ಸದ್ದು ಬದಲಾದರೆ ಅಲ್ಲಿ ಬಿರುಕಿದೆ. ಏರ್ ಫಿಲ್ಟರ್ ಫೋಮಿಗೆ ಫಿಲ್ಟರ್ ಆಯಿಲ್ ಹಚ್ಚಿ ಹಿಂಡಿ, ಕೂರುವ ಅಂಚಿಗೆ ಗ್ರೀಸ್ ಗೆರೆ ಎಳೆಯಿರಿ. ಏರ್ ಬಾಕ್ಸ್ ಕಿತ್ತು ಬಯಲು ಫಿಲ್ಟರ್ ಹಾಕುವುದು ಅಪ್‌ಗ್ರೇಡ್ ಅಲ್ಲ. ಡಯಾಫ್ರಮ್ಮಿನಿಂದ ಸ್ಲೈಡ್ ಏಳುವ ಸಿವಿ ಕಾರ್ಬುರೇಟರ್ ಆ ಪೆಟ್ಟಿಗೆಯ ನಿಂತ ಗಾಳಿಯನ್ನೇ ನಂಬಿರುತ್ತದೆ. ಅದು ಹೋದರೆ ಜೆಟ್ಟಿಂಗ್ ಕೆಡುತ್ತದೆ, ದೂಳು ರಿಂಗನ್ನು ಅರೆಯುತ್ತದೆ.

ಟ್ಯಾಪೆಟ್ಟನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗ, ಕಂಪ್ರೆಷನ್ನಿನ ಮೇಲ್ತುದಿಯಲ್ಲಿ, ಎರಡೂ ಬದಿಯ ರಾಕರ್ ಸಡಿಲವಿರುವಾಗ ಕೈಪಿಡಿಯ ಅಂಕಿಗೆ ಹೊಂದಿಸಿ. ಸಡಿಲ ಟ್ಯಾಪೆಟ್ ಟಿಕ್ ಟಿಕ್ ಎಂದು ಹೇಳಿಕೊಳ್ಳುತ್ತದೆ. ಬಿಗಿಯಾದದ್ದು ಸದ್ದಿಲ್ಲದೆ ವಾಲ್ವ್ ಸುಡುತ್ತದೆ.

ವೈರಿಂಗ್ ಹಾರ್ನೆಸ್ ಹೊಸದು ಬೇಕಾಗುವುದು ಅಪರೂಪ. ಹೆಚ್ಚಿನ ಕಾಯಿಲೆ ಕನೆಕ್ಟರಿನ ಹಸಿರು ಕಿಲುಬು ಮತ್ತು ಅರ್ತ್. ಹೆಡ್‌ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ಮುಳ್ಳು ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಕೇಸಿಗೆ ಇಡಿ: 0.2 ವೋಲ್ಟಿಗಿಂತ ಹೆಚ್ಚು ತೋರಿದರೆ ಅರ್ತ್ ಜಾಗ ಉಜ್ಜಿ ಹೊಳೆಯುವ ಲೋಹ ತನ್ನಿ. ಎಂಜಿನ್ ನಾಲ್ಕೈದು ಸಾವಿರ ಸುತ್ತಿನಲ್ಲಿರುವಾಗ ಬ್ಯಾಟರಿಯ ಮೇಲೆ 13.5ರಿಂದ 14.5 ವೋಲ್ಟ್ ಸಿಗಬೇಕು. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ. 13ಕ್ಕೂ ಬಾರದಿದ್ದರೆ ಕರೆಂಟು ಹುಟ್ಟಿಸುವ ಕಾಯಿಲ್ ಗುಚ್ಛವಾದ ಸ್ಟೇಟರಿನ ಮೂರು ಒಂದೇ ಬಣ್ಣದ ವೈರುಗಳನ್ನು ಎರಡೆರಡಾಗಿ ಅಳೆಯಿರಿ. ಮೂರು ಅಂಕಿಯೂ ಸಮ ಇರಬೇಕು, ಯಾವುದೂ ಕೇಸಿಗೆ ತಾಗಿರಬಾರದು.

ಈಗ ಅಪ್‌ಗ್ರೇಡ್

ಸ್ಪ್ರಾಕೆಟ್ ಹಲ್ಲು ಬದಲಿಸುವುದು ಅತಿ ಅಗ್ಗದ ಬದಲಾವಣೆ. 15/45 ಎಂದರೆ ಅನುಪಾತ 3.0. ಮುಂದೆ ಒಂದು ಹಲ್ಲು ಇಳಿಸಿ 14/45 ಮಾಡಿದರೆ 3.21, ಹಿಂದೆ ಮೂರು ಹಲ್ಲು ಏರಿಸಿದಷ್ಟೇ. ಕಲ್ಲು ಏರಿನಲ್ಲಿ ಕ್ಲಚ್ ಒತ್ತುವುದು ತಪ್ಪುತ್ತದೆ, ಹೆದ್ದಾರಿಯಲ್ಲಿ ಎಂಜಿನ್ ಸ್ವಲ್ಪ ಹೆಚ್ಚು ಕೂಗುತ್ತದೆ. ಚೈನು, ಎರಡು ಸ್ಪ್ರಾಕೆಟ್ಟು ಒಟ್ಟಿಗೆ ಬದಲಿಸಿ. ಕ್ಲಿಪ್ ಹಾಕುವ ಲಿಂಕಾದರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗಿರಲಿ. ಉದ್ದ ಓಟದ ಸಸ್ಪೆನ್ಷನ್ನಿಗೆ ಚೈನು ರಸ್ತೆ ಬೈಕಿಗಿಂತ ಸಡಿಲ ಬೇಕು: ಶಾಕ್ ಬಿಚ್ಚಿ, ಮುಂದಿನ ಸ್ಪ್ರಾಕೆಟ್, ಪಿವಟ್, ಹಿಂದಿನ ಆ್ಯಕ್ಸಲ್ ಒಂದೇ ಗೆರೆಗೆ ಬಂದಾಗಲೂ ಚೂರು ಸಡಿಲ ಉಳಿಯಬೇಕು.

ಹೆಡ್‌ಲೈಟ್ ಮಂಕಾಗಿದ್ದರೆ ಮೊದಲು ಬಲ್ಬಿನ ಬಳಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಗಿಂತ ಒಂದು ವೋಲ್ಟ್ ಕಡಿಮೆ ಬಂದರೂ ಬೆಳಕು ಬಹಳ ಕುಗ್ಗುತ್ತದೆ. ಒಂದು ರಿಲೇ, ಫ್ಯೂಸು, ದಪ್ಪ ವೈರು ಹಾಕಿದರೆ ಹಳೆಯ ಹ್ಯಾಲೋಜನ್ನೇ ಎದ್ದು ಕಾಣುತ್ತದೆ. ಎಲ್‌ಇಡಿ ಬೇಕೆಂದರೆ ಗಾಡಿಯ ದೀಪ ಬ್ಯಾಟರಿಯಿಂದ ಓಡುತ್ತದೋ ನೇರ ಕಾಯಿಲಿನ ಎಸಿಯಿಂದಲೋ ನೋಡಿ. ಎಸಿ ಆದರೆ ಎಲ್‌ಇಡಿ ಮಿನುಗುತ್ತದೆ. ಎಲ್‌ಇಡಿ ಇಂಡಿಕೇಟರಿಗೆ ಅದರದೇ ಫ್ಲ್ಯಾಶರ್ ರಿಲೇ ಬೇಕು.

ಎಂಜಿನ್ ತಳಕ್ಕೆ 4 ಮಿ.ಮೀ. ಅಲ್ಯೂಮಿನಿಯಂ ಹಾಳೆ ಬಗ್ಗಿಸಿ ಗಾರ್ಡ್ ಮಾಡಬಹುದು. ಡ್ರೈನ್ ಬೋಲ್ಟಿಗೆ ತೂತು, ಚಾಸಿಗೆ ತಾಗುವಲ್ಲಿ ರಬ್ಬರು ಬಿಡಿ. ಒಳಗೆ ಲೋಹದ ಪಟ್ಟಿ ಇರುವ ಕೈಗಾರ್ಡು ಬಿದ್ದಾಗ ಲಿವರ್ ಉಳಿಸುತ್ತದೆ. ಅಗಲ ಫುಟ್‌ರೆಸ್ಟ್, ಸೀಟಿಗೆ ಗಟ್ಟಿ ಫೋಮು, ಇವೂ ಯೋಗ್ಯವೇ. ಟೈರಿನ ಪಕ್ಕದ ನಾಲ್ಕು ಅಂಕಿ ನೋಡಿ ಕೊಳ್ಳಿ: 2319 ಎಂದರೆ 2019ರ 23ನೇ ವಾರ. ಟೈರ್ ಹಾಕಿದ ಮೇಲೆ ಟ್ಯೂಬಿನ ವಾಲ್ವ್ ನಟ್ಟನ್ನು ರಿಮ್ಮಿಗೆ ಬಿಗಿಸದೆ ಮೇಲೆ ಮುಚ್ಚಳಕ್ಕೆ ತಾಗಿಸಿಡಿ. ಟೈರು ಜಾರಿ ಟ್ಯೂಬ್ ಎಳೆದರೆ ವಾಲ್ವ್ ವಾಲಿ ತೋರಿಸುತ್ತದೆ, ಹರಿಯುವ ಮುನ್ನ ಗೊತ್ತಾಗುತ್ತದೆ.

ಬಣ್ಣ ಉಳಿದ ದುಡ್ಡಿಗೆ. ತುಕ್ಕಿನ ಜಾಗವನ್ನು ಮಾತ್ರ ಉಜ್ಜಿ, ಪ್ರೈಮರ್, ಬಣ್ಣ, ಅಷ್ಟು ಸಾಕು. ಪ್ಲಾಸ್ಟಿಕ್ ಮಡ್‌ಗಾರ್ಡುಗಳ ಮೇಲೆ ಬಣ್ಣ ನಿಲ್ಲುವುದಿಲ್ಲ, ಬಳಿಯುವ ಬದಲು 400ರಿಂದ 2000ದವರೆಗಿನ ನೀರುಕಾಗದದಲ್ಲಿ ಉಜ್ಜಿ ಹೊಳಪು ಕೊಡಿ.

ಮೊದಲ ಓಟ

ಮೊದಲ 10 ಕಿ.ಮೀ. ಮನೆಯ ಸುತ್ತಲೇ. ಮರಳಿ ಬಂದು ಎರಡೂ ಹಬ್ಬು, ಬ್ರೇಕ್ ಡಿಸ್ಕಿನ ಹತ್ತಿರ ಕೈ ಹಿಡಿದು ಬಿಸಿ ನೋಡಿ. ಬ್ರೇಕ್ ಹೆಚ್ಚು ಹಿಡಿಯದೆಯೂ ಒಂದು ಬಹಳ ಬಿಸಿಯಾಗಿದ್ದರೆ ಅದು ಹಿಡಿದಿದೆ. 100 ಕಿ.ಮೀ. ಆದಾಗ ಕಡ್ಡಿ, ಚೈನು, ಆ್ಯಕ್ಸಲ್, ಸ್ಟೀರಿಂಗ್ ನಟ್ಟು, ಎಂಜಿನ್ ಕೂರಿಸಿದ ಬೋಲ್ಟು ಎಲ್ಲಕ್ಕೂ ಸ್ಪ್ಯಾನರ್ ತಾಗಿಸಿ. ಹೊಸ ಕಡ್ಡಿ, ಹೊಸ ಚೈನು ಮೊದಲ ಓಟದಲ್ಲೇ ಹೆಚ್ಚು ಸಡಿಲವಾಗುತ್ತವೆ. 500 ಕಿ.ಮೀ.ಗೆ ಆಯಿಲ್ ಮತ್ತೆ ಇಳಿಸಿ. ಕ್ಲಚ್ ಎಣ್ಣೆಯಲ್ಲೇ ಮುಳುಗಿರುವುದರಿಂದ ಡಬ್ಬದ ಮೇಲೆ ಜಾಸೋ ಎಂಎ (ಇಂಥ ಕ್ಲಚ್ಚಿಗೆ ಒಗ್ಗುವ ದರ್ಜೆ) ಎಂದಿರುವುದನ್ನೇ ಹಾಕಿ. ಇಳಿಸಿದ ಎಣ್ಣೆಯನ್ನು ಬಿಳಿ ತಟ್ಟೆಗೆ ಸುರಿದು ಬೆಳಕಿನಲ್ಲಿ ಅಲ್ಲಾಡಿಸಿ, ಚಕ್ಕೆ ಹುಡುಕಿ; ಜಾಲರಿ ಶುಚಿ ಮಾಡಿ; ಟ್ಯಾಪೆಟ್ ಇನ್ನೊಮ್ಮೆ ಅಳೆದು, ಅಂಕಿಗಳನ್ನು ಕಿಲೋಮೀಟರಿನ ಜೊತೆ ಪುಸ್ತಕದಲ್ಲಿ ಬರೆದಿಡಿ.